ಕೆಫೀನ್ ಹಿಡಿತ ಎಷ್ಟಿದೆ ಅಂತ ಅಳೆಯಿರಿ, ಬೇಕಾದಷ್ಟು ಸಡಿಲಿಸಿ: ಒಂದು ಸಮಗ್ರ ಮಾರ್ಗದರ್ಶಿ

ಸುಮಾರು ಮೂರು ವರ್ಷ ನನಗೆ ಪ್ರತಿ ಭಾನುವಾರ ತಲೆನೋವು ಬರುತ್ತಿತ್ತು. ಸೋಮವಾರದಿಂದ ಶನಿವಾರದ ತನಕ ಏನೂ ಇಲ್ಲ. ಭಾನುವಾರ ಬೆಳಗ್ಗೆ ಏಳುವಾಗಲೇ ಕಣ್ಣಿನ ಹಿಂದೆ ಯಾರೋ ಒತ್ತಿ ಹಿಡಿದ ಹಾಗೆ ಇರುತ್ತಿತ್ತು. ಕಣ್ಣು ಪರೀಕ್ಷೆ ಮಾಡಿಸಿದೆ, ಕನ್ನಡಕದ ನಂಬರ್ ಬದಲಾಯಿಸಿದೆ, ದಿಂಬು ಬದಲಾಯಿಸಿದೆ. ವಾರವಿಡೀ ದುಡಿದ ಆಯಾಸ ರಜೆಯ ದಿನ ಹೊರಗೆ ಬರುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾದ ಕಾರಣ ಅಡುಗೆಮನೆಯಲ್ಲಿತ್ತು. ಕೆಲಸದ ದಿನ ಬೆಳಗ್ಗೆ 6ಕ್ಕೆ ಮೊದಲ ಕಾಫಿ ಆಗುತ್ತಿತ್ತು. ಭಾನುವಾರ 9.30ರ ತನಕ ನಿದ್ದೆ, ಆಮೇಲೆ ಸ್ನಾನ, ಮನೆಯ ಕೆಲಸ, ಅದೆಲ್ಲ ಮುಗಿದ ಮೇಲೆ ಕಾಫಿ. ಆ ನಾಲ್ಕೈದು ಗಂಟೆಯ ತಡವನ್ನು ನನ್ನ ತಲೆ ಲೆಕ್ಕ ಇಟ್ಟುಕೊಂಡಿತ್ತು.

ಕಾಫಿ ಒಳ್ಳೆಯದಾ ಕೆಟ್ಟದ್ದಾ ಅಂತ ವಾದ ಮಾಡುವವರು ಬೇಕಾದಷ್ಟು ಸಿಗುತ್ತಾರೆ. ನಿಮ್ಮ ಮೈ ಅದಕ್ಕೆ ಎಷ್ಟು ಒಗ್ಗಿಹೋಗಿದೆ, ಅದನ್ನು ಮನೆಯಲ್ಲೇ ಹೇಗೆ ಅಳೆಯುವುದು, ಕಡಿಮೆ ಮಾಡಬೇಕಾದರೆ ಒದ್ದಾಡದೆ ಹೇಗೆ ಮಾಡುವುದು ಅಂತ ಕೂತು ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಿಟ್ಟೇಬಿಡಿ ಅಂತ ಹೇಳಲು ಬಂದಿಲ್ಲ, ನಾನೂ ಪೂರ್ತಿ ಬಿಟ್ಟಿಲ್ಲ. ಆದರೆ ಕುಡಿಯುವುದಾದರೆ ನಾವು ಬೇಕು ಅಂತ ಕುಡಿಯಬೇಕು, ಕುಡಿಯದಿದ್ದರೆ ತಲೆ ಸಿಡಿಯುತ್ತದೆ ಅಂತ ಅಲ್ಲ. ನಾನು ಹೇಳಬೇಕಾಗಿರುವುದು ಇಷ್ಟೇ, ಉಳಿದದ್ದೆಲ್ಲ ಅದನ್ನು ಮಾಡುವ ದಾರಿ.

ಮೊದಲು ಒಂದು ಪ್ರಶ್ನೆ: ಕಾಫಿ ಡ್ರಗ್ಗಾ?

ಡ್ರಗ್ ಅನ್ನುವ ಪದ ಕನ್ನಡಕ್ಕೆ ಬಂದಾಗ ಅದರ ಒಂದೇ ಮುಖ ಬಂತು. ಡ್ರಗ್ಸ್ ಅಂದ ತಕ್ಷಣ ನಮಗೆ ಗಾಂಜಾ, ಹೆರಾಯಿನ್, ಪೊಲೀಸ್ ಕೇಸು ನೆನಪಾಗುತ್ತದೆ. ವೈದ್ಯರ ಬಾಯಲ್ಲಿ ಅದೇ ಪದಕ್ಕೆ ಔಷಧ ಅಂತಲೂ ಅರ್ಥ. ನಮ್ಮ ಹಳೆಯ ಪದ ‘ಮದ್ದು’ ಇದಕ್ಕಿಂತ ಚೆನ್ನಾಗಿದೆ. ಕೆಮ್ಮಿಗೆ ಕೊಡುವುದೂ ಮದ್ದು, ಆಗದವರು ಊಟದಲ್ಲಿ ಹಾಕಿಬಿಟ್ಟರು ಅಂತ ಹೆದರುವುದೂ ಮದ್ದು. ಮೈಯೊಳಗೆ ಹೋಗಿ ತನ್ನ ಕೆಲಸ ತೋರಿಸುವುದೆಲ್ಲ ಮದ್ದೇ. ಆ ಲೆಕ್ಕದಲ್ಲಿ ಕಾಫಿ ಒಂದು ಪಾನೀಯ, ಅದರೊಳಗಿನ ಕೆಫೀನ್ ಒಂದು ಮದ್ದು. ಇದರಲ್ಲಿ ಅನುಮಾನವೇ ಇಲ್ಲ.

1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಕಾಫಿ ಬೀಜದಿಂದ ಕೆಫೀನನ್ನು ಬೇರೆ ಮಾಡಿ ತೆಗೆದರು. ಅವರಿಗೆ ಆ ಬೀಜಗಳನ್ನು ಕೊಟ್ಟು ಇದನ್ನು ಪರೀಕ್ಷಿಸಿ ನೋಡು ಅಂದವರು ಕವಿ ಗಯಟೆ. ಇವತ್ತು ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಉಸಿರು ಆಗಾಗ ನಿಂತುಹೋದರೆ ಕೊಡುವ ಔಷಧಗಳಲ್ಲಿ ಕೆಫೀನ್ ಸಿಟ್ರೇಟ್ ಮುಖ್ಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಅದು ಇದೆ. ಇನ್ನೊಂದು ಕಡೆ, 2004ರ ಜನವರಿಯ ತನಕ ಕ್ರೀಡಾಪಟುಗಳ ಮೂತ್ರದಲ್ಲಿ ಒಂದು ಮಿತಿಗಿಂತ ಜಾಸ್ತಿ ಕೆಫೀನ್ ಸಿಕ್ಕರೆ ಡೋಪಿಂಗ್ ಅಂತಲೇ ಲೆಕ್ಕ. ಈಗ ಆ ನಿಷೇಧ ಇಲ್ಲ, ಆದರೆ ಅದರ ಮೇಲೆ ಒಂದು ಕಣ್ಣು ಇಟ್ಟಿದ್ದಾರೆ.

ಹಾಗಾದರೆ ಇದು ಚಟವಾ? ಇಲ್ಲಿ ಎರಡು ಮಾತನ್ನು ಬೇರೆ ಬೇರೆ ಇಡಬೇಕು. ಒಂದು, ಮೈ ಒಗ್ಗಿಹೋಗಿ, ಸಿಗದಿದ್ದರೆ ತೊಂದರೆ ಕೊಡುವುದು. ಇದಕ್ಕೆ ಅವಲಂಬನೆ ಅನ್ನೋಣ. ಇನ್ನೊಂದು, ಮನೆ, ಕೆಲಸ, ಆರೋಗ್ಯ ಹಾಳಾಗುತ್ತಿದ್ದರೂ ನಿಲ್ಲಿಸಲು ಆಗದಿರುವುದು. ಅದು ವ್ಯಸನ. ಕೆಫೀನ್ ಮೊದಲನೆಯದನ್ನು ಕೋಟ್ಯಂತರ ಜನಕ್ಕೆ ಮಾಡುತ್ತದೆ, ಎರಡನೆಯದನ್ನು ತುಂಬ ಕಡಿಮೆ ಜನಕ್ಕೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ರೋಗನಿರ್ಣಯ ಕೈಪಿಡಿಯಲ್ಲಿ ಕೆಫೀನ್ ವಿತ್‌ಡ್ರಾವಲ್, ಅಂದರೆ ನಿಲ್ಲಿಸಿದಾಗ ಆಗುವ ತೊಂದರೆ, ಅಧಿಕೃತವಾಗಿ ಸೇರಿತು. ಕೆಫೀನ್ ವ್ಯಸನವನ್ನು ಮಾತ್ರ ಇನ್ನಷ್ಟು ಅಧ್ಯಯನ ಬೇಕು ಅಂತ ಪಕ್ಕಕ್ಕೆ ಇಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗ ವರ್ಗೀಕರಣದಲ್ಲೂ ಹೆಚ್ಚುಕಡಿಮೆ ಹೀಗೇ ಇದೆ. ನನಗೂ ಇದೇ ಸರಿ ಅನ್ನಿಸುತ್ತದೆ. ಬೆಳಗ್ಗೆ ಕಾಫಿ ಕುಡಿಯುವವರನ್ನು ಹೆರಾಯಿನ್ ಚಟದವರ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರಿಗೂ ಅನ್ಯಾಯ. ಅದೇ ರೀತಿ, ಅಯ್ಯೋ ಕಾಫಿ ತಾನೇ ಅಂತ ಕೈ ಕೊಡವಿಕೊಂಡರೆ ಭಾನುವಾರದ ತಲೆನೋವಿಗೆ ಕಾರಣ ಸಿಗುವುದಿಲ್ಲ.

ಒಳಗೆ ಏನು ನಡೆಯುತ್ತದೆ

ಇದನ್ನು ಹಾರಿಸಿಕೊಂಡು ಮುಂದೆ ಹೋಗಬೇಡಿ. ಇದು ಅರ್ಥವಾದರೆ ಮುಂದಿನ ಹಂತಗಳನ್ನು ನೆನಪಿಡುವ ಅಗತ್ಯವೇ ಬೀಳುವುದಿಲ್ಲ.

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದಕ್ಕೆ ಕೂರಲು ಮಿದುಳಿನ ಕೋಶಗಳ ಮೇಲೆ ಜಾಗಗಳಿವೆ. ಅದು ಹೋಗಿ ಕೂತಂತೆಲ್ಲ ಸಾಕು, ಮಲಗು ಅನ್ನುವ ಸೂಚನೆ ಜೋರಾಗುತ್ತದೆ. ಕೆಫೀನ್ ನೋಡಲು ಅಡೆನೋಸಿನ್ನಿನ ಹಾಗೇ ಇದೆ. ಅದು ಬಂದು ಆ ಸೀಟುಗಳ ಮೇಲೆ ಟವೆಲ್ ಹಾಕಿಬಿಡುತ್ತದೆ. ತಾನೂ ಮಲಗು ಅನ್ನುವುದಿಲ್ಲ, ಅಡೆನೋಸಿನ್ನನ್ನೂ ಕೂರಲು ಬಿಡುವುದಿಲ್ಲ. ನಿಮಗೆ ಸಿಗುವ ಚುರುಕು ಅಲ್ಲಿಂದ ಬಂದದ್ದು. ಗಮನಿಸಿ, ಆಯಾಸ ಎಲ್ಲೂ ಹೋಗಿಲ್ಲ. ಅದು ನಿಂತುಕೊಂಡು ಕಾಯುತ್ತಿದೆ.

ದಿನಾ ಹೀಗೆ ಆದರೆ ಮಿದುಳು ಸುಮ್ನೆ ಇರುವುದಿಲ್ಲ. ಸೀಟು ಸಾಲುತ್ತಿಲ್ಲ ಅಂತ ಹೊಸ ಸೀಟುಗಳನ್ನು ಹಾಕುತ್ತದೆ. ಆಗ ಮೊದಲಿನ ಒಂದು ಕಪ್ ಸಾಲದು, ಎರಡು ಬೇಕು. ಇದೇ ಒಗ್ಗಿಹೋಗುವುದು. ಈಗ ಒಂದು ದಿನ ಕಾಫಿ ತಪ್ಪಿತು ಅಂದುಕೊಳ್ಳಿ. ಟವೆಲ್‌ಗಳೆಲ್ಲ ಒಟ್ಟಿಗೆ ಎದ್ದುಹೋಗುತ್ತವೆ, ಮೊದಲಿಗಿಂತ ಜಾಸ್ತಿ ಸೀಟುಗಳಲ್ಲಿ ಅಡೆನೋಸಿನ್ ಹೋಗಿ ಕೂರುತ್ತದೆ. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿ ಇಟ್ಟಿರುತ್ತದೆ. ಅದು ಹೋದಾಗ ನಾಳಗಳು ಅಗಲವಾಗುತ್ತವೆ, ರಕ್ತದ ಹರಿವು ಹೆಚ್ಚುತ್ತದೆ, ತಲೆ ದಿಮ್ ಅನ್ನುತ್ತದೆ.

ಇದರಿಂದ ಒಂದು ಮಾತು ಹೊರಬೀಳುತ್ತದೆ, ನನಗಂತೂ ಇದನ್ನು ಒಪ್ಪಿಕೊಳ್ಳಲು ತುಂಬ ದಿನ ಬೇಕಾಯಿತು. ದಿನಾ ಕುಡಿಯುವವರಿಗೆ ಬೆಳಗಿನ ಮೊದಲ ಕಪ್ ಕೊಡುವ ಆ ಹಾಯ್ ಅನ್ನುವ ಸುಖದಲ್ಲಿ ದೊಡ್ಡ ಪಾಲು ರಾತ್ರಿಯಿಡೀ ಕೆಫೀನ್ ಇಲ್ಲದೆ ಶುರುವಾಗಿದ್ದ ವಿತ್‌ಡ್ರಾವಲ್ ಅಳಿಸಿದ್ದು. ಸಾಲ ತೀರಿಸಿದಾಗ ಆಗುವ ನಿರಾಳದ ಹಾಗೆ. ಜೇಬಿಗೆ ಹೊಸ ದುಡ್ಡು ಬಂದಿಲ್ಲ.

ಇನ್ನು ಸಮಯದ ಲೆಕ್ಕ. ಕುಡಿದ ಕೆಫೀನ್ ಹೆಚ್ಚುಕಡಿಮೆ ಪೂರ್ತಿಯಾಗಿ 45 ನಿಮಿಷದೊಳಗೆ ರಕ್ತ ಸೇರುತ್ತದೆ. ಅದರಲ್ಲಿ ಅರ್ಧ ಹೊರಹೋಗಲು ಸಾಮಾನ್ಯವಾಗಿ 5 ಗಂಟೆ ಬೇಕು. ಸಂಜೆ 5ಕ್ಕೆ 100 ಮಿ.ಗ್ರಾಂ ಒಳಗೆ ಹೋದರೆ ರಾತ್ರಿ 10ಕ್ಕೆ 50 ಉಳಿದಿರುತ್ತದೆ, ನಡುರಾತ್ರಿ 3ಕ್ಕೂ 25 ಇರುತ್ತದೆ. ಆದರೆ ಇದು ಎಲ್ಲರಿಗೂ ಒಂದೇ ಅಲ್ಲ. ಕೆಫೀನನ್ನು ಒಡೆಯುವುದು ಲಿವರ್‌ನ ಒಂದು ಕಿಣ್ವ, ಅದು ಕೆಲವರಲ್ಲಿ ಹುಟ್ಟಿನಿಂದಲೇ ಚುರುಕು, ಕೆಲವರಲ್ಲಿ ನಿಧಾನ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ 5 ಗಂಟೆ ಸುಮಾರು ಎರಡರಷ್ಟಾಗುತ್ತದೆ, ಗರ್ಭಿಣಿಯ ಕೊನೆಯ ತಿಂಗಳುಗಳಲ್ಲಿ 15 ಗಂಟೆಯ ತನಕವೂ ಹೋಗಬಹುದು. ಸಿಗರೇಟು ಸೇದುವವರಲ್ಲಿ ಉಲ್ಟಾ, ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಊಟ ಆದಮೇಲೆ ಕಾಫಿ ಕುಡಿದು ಗೊರಕೆ ಹೊಡೆಯುವ ಸ್ನೇಹಿತರನ್ನು ನೋಡಿ ನೀವೂ ಕುಡಿಯಬೇಡಿ ಅಂತ ಹೇಳಲು ಇದೇ ಕಾರಣ.

ಹಂತ 1: ಏಳು ದಿನ ಬರೆದಿಡಿ, ಏನೂ ಬದಲಾಯಿಸಬೇಡಿ

ಕಡಿಮೆ ಮಾಡಬೇಕು ಅಂತ ಹೊರಟವರು ಮಾಡುವ ಮೊದಲ ತಪ್ಪು ಮೊದಲ ದಿನವೇ ಶುರು ಮಾಡುವುದು. ಎಷ್ಟು ಕುಡಿಯುತ್ತೀರಿ ಅಂತಲೇ ಗೊತ್ತಿಲ್ಲದೆ ಎಷ್ಟು ಕಡಿಮೆ ಮಾಡುತ್ತೀರಿ? ಒಂದು ವಾರ ಫೋನಿನಲ್ಲೋ ಚೀಟಿಯಲ್ಲೋ ಮೂರೇ ವಿಷಯ ಬರೆಯಿರಿ. ಏನು, ಎಷ್ಟು ಗಂಟೆಗೆ, ಎಷ್ಟು ದೊಡ್ಡ ಲೋಟ. ನಾನು ದಿನಕ್ಕೆ ಎರಡು ಅಂತ ಎಲ್ಲರಿಗೂ ಹೇಳುತ್ತಿದ್ದೆ, ಬರೆದಾಗ ನಾಲ್ಕೂವರೆ ಬಂತು. ಕೆಲಸದ ಜಾಗದಲ್ಲಿ ಯಾರೋ ತಂದುಕೊಟ್ಟಿದ್ದು, ಮೀಟಿಂಗ್‌ನಲ್ಲಿ ಕೈಗೆ ಬಂದಿದ್ದು ಯಾವುದೂ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಲೋಟದ ಅಳತೆ ಮುಖ್ಯ. ನಿಮ್ಮ ಲೋಟಕ್ಕೆ ನೀರು ತುಂಬಿ ಒಮ್ಮೆ ಅಳೆದುಬಿಡಿ. ಅಂದಾಜು ಲೆಕ್ಕ ಹೀಗಿದೆ. 240 ಮಿ.ಲೀ. ಸೋಸಿದ ಕಪ್ಪು ಕಾಫಿಯಲ್ಲಿ ಸುಮಾರು 95 ಮಿ.ಗ್ರಾಂ ಕೆಫೀನ್ ಇರುತ್ತದೆ. ಅಷ್ಟೇ ಇನ್‌ಸ್ಟಂಟ್ ಕಾಫಿಯಲ್ಲಿ 60ರ ಹತ್ತಿರ. 30 ಮಿ.ಲೀ. ಎಸ್ಪ್ರೆಸೊದಲ್ಲಿ 60ಕ್ಕಿಂತ ಸ್ವಲ್ಪ ಜಾಸ್ತಿ. 240 ಮಿ.ಲೀ. ಕಪ್ಪು ಟೀಯಲ್ಲಿ 45ರಿಂದ 50, ಗ್ರೀನ್ ಟೀಯಲ್ಲಿ 30ರ ಆಸುಪಾಸು. ಒಂದು ಕ್ಯಾನ್ ಕೋಲಾದಲ್ಲಿ 35ರ ಆಸುಪಾಸು, 250 ಮಿ.ಲೀ. ಎನರ್ಜಿ ಡ್ರಿಂಕ್‌ನಲ್ಲಿ ಸಾಮಾನ್ಯವಾಗಿ 80. ಕಪ್ಪು ಚಾಕೊಲೇಟ್‌ನಲ್ಲೂ ಸ್ವಲ್ಪ ಇದೆ. ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ಅಂತ ಮಾರುವುದರಲ್ಲೂ ಸೊನ್ನೆ ಅಲ್ಲ, ಕಪ್‌ಗೆ ಕೆಲವು ಮಿಲಿಗ್ರಾಂ ಉಳಿದಿರುತ್ತದೆ. ಹಾಲು ಸೇರಿಸಿದರೆ ಕೆಫೀನ್ ಕಡಿಮೆ ಆಗುವುದಿಲ್ಲ, ಆದರೆ ಲೋಟದಲ್ಲಿ ಅರ್ಧ ಹಾಲೇ ಇದ್ದರೆ ಡಿಕಾಕ್ಷನ್ ಎಷ್ಟಿತ್ತೋ ಅಷ್ಟನ್ನೇ ಲೆಕ್ಕ ಹಿಡಿಯಿರಿ.

ಕಹಿ ಜಾಸ್ತಿ ಇದ್ದರೆ ಕೆಫೀನ್ ಜಾಸ್ತಿ ಅಂತ ನಂಬಿರುತ್ತೇವೆ, ಅದು ತಪ್ಪು. ಕಪ್ಪಗೆ ಹುರಿದರೆ ಕಹಿ ಹೆಚ್ಚುತ್ತದೆ, ಕೆಫೀನ್ ಹೆಚ್ಚುವುದಿಲ್ಲ. ವ್ಯತ್ಯಾಸ ಇರುವುದು ಬೀಜದಲ್ಲಿ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಕೆಫೀನೇ ಇಲ್ಲ, ಹಾಗಾಗಿ ಚಿಕೋರಿ ಬೆರೆಸಿದ ಪುಡಿ ಬಣ್ಣಕ್ಕೆ ಗಟ್ಟಿ ಕಂಡರೂ ಕೆಫೀನಿನಲ್ಲಿ ಹಗುರ.

ಮಾತ್ರೆಗಳನ್ನೂ ನೋಡಿ. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಕೆಫೀನ್ ಸೇರಿಸಿರುತ್ತಾರೆ, ಒಂದರಲ್ಲಿ 65 ಮಿ.ಗ್ರಾಂ ಇರುವಂಥವೂ ಇವೆ. ಎರಡು ನುಂಗಿದರೆ ಒಂದು ಕಪ್ ಕಾಫಿಗಿಂತ ಜಾಸ್ತಿ ಆಯಿತು. ನನ್ನ ಭಾನುವಾರದ ಮಾತ್ರೆ ಅಷ್ಟು ಬೇಗ ಕೆಲಸ ಮಾಡುತ್ತಿದ್ದುದರ ಗುಟ್ಟು ಮಾತ್ರೆಯ ಲೇಬಲ್ ಓದಿದ ದಿನ ಗೊತ್ತಾಯಿತು.

ಹಂತ 2: ಹಿಡಿತ ಎಷ್ಟಿದೆ ಅಂತ ನೋಡಿಕೊಳ್ಳಿ

ಏಳು ದಿನದ ಚೀಟಿ ಎದುರಿಗಿಟ್ಟುಕೊಂಡು ಕೆಲವು ಪ್ರಶ್ನೆ ಕೇಳಿಕೊಳ್ಳಿ. ಮೊದಲ ಕಪ್ ಎರಡು ಮೂರು ಗಂಟೆ ತಡವಾದರೆ ತಲೆ ಭಾರವಾಗುತ್ತದಾ? ರಜೆ ದಿನ, ಪ್ರಯಾಣದ ದಿನ, ಉಪವಾಸದ ದಿನ, ಆಪರೇಷನ್‌ಗೆ ಮುಂಚೆ ಏನೂ ತಿನ್ನಬಾರದು ಅಂದಾಗ, ಇಂಥ ದಿನಗಳಲ್ಲೇ ತಲೆನೋವು ಬರುತ್ತದಾ? ಕಡಿಮೆ ಮಾಡಬೇಕು ಅಂತ ಮುಂಚೆ ಪ್ರಯತ್ನಿಸಿ ಬಿಟ್ಟುಬಿಟ್ಟಿದ್ದೀರಾ? ಎದೆ ಬಡಿತ, ಎದೆಯುರಿ, ನಿದ್ದೆಗೇಡು ಇದರಿಂದಲೇ ಅಂತ ಗೊತ್ತಿದ್ದೂ ಕುಡಿಯುತ್ತಿದ್ದೀರಾ?

ಮೊದಲ ಎರಡಕ್ಕೆ ಹೌದು ಅಂದರೆ ಮೈ ಒಗ್ಗಿಹೋಗಿದೆ, ಅಷ್ಟೇ. ನಾಚಿಕೆ ಪಡುವಂಥದ್ದು ಏನೂ ಇಲ್ಲ, ಇದು ಮನಸ್ಸಿನ ದೌರ್ಬಲ್ಯ ಅಲ್ಲ. ದಿನಕ್ಕೆ 100 ಮಿ.ಗ್ರಾಂ, ಅಂದರೆ ಒಂದೇ ಒಂದು ಒಳ್ಳೆಯ ಕಪ್ ಕುಡಿಯುವವರಿಗೂ ನಿಲ್ಲಿಸಿದಾಗ ತೊಂದರೆ ಆಗುತ್ತದೆ. ಕೊನೆಯ ಎರಡಕ್ಕೂ ಹೌದು ಅನ್ನುವವರು ಮಾತ್ರ ಇದನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಬೇಕು, ಸಾಧ್ಯವಾದರೆ ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಬೇಕು.

ಈಗ ಒಟ್ಟು ಮೊತ್ತ ನೋಡಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಲೆಕ್ಕದಲ್ಲಿ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿ.ಗ್ರಾಂ ತನಕ, ಒಂದು ಸಲಕ್ಕೆ 200 ಮಿ.ಗ್ರಾಂ ತನಕ ಚಿಂತೆಯಿಲ್ಲ. ಗರ್ಭಿಣಿಯರಿಗೆ ದಿನಕ್ಕೆ 200. ಇದು ಮಿತಿ, ಗುರಿ ಅಲ್ಲ. 150ಕ್ಕೇ ಕೈ ನಡುಗುವವರಿದ್ದಾರೆ, ಅವರಿಗೆ ಅವರ ಕೈಯೇ ಮಿತಿ ಹೇಳುತ್ತದೆ.

ಹಂತ 3: ಏನು ಬೇಕು ಅಂತ ತೀರ್ಮಾನಿಸಿ

ಎಲ್ಲರೂ ಬಿಡಬೇಕಾಗಿಲ್ಲ. ನಿದ್ದೆಯೊಂದೇ ಸಮಸ್ಯೆ ಅಂದರೆ ಬೆಳಗಿನ ಕಪ್ ಮುಟ್ಟದೆ ಮಧ್ಯಾಹ್ನದ ನಂತರದ್ದನ್ನು ತೆಗೆದರೆ ಸಾಕು. ಮಲಗುವುದಕ್ಕೆ 6 ಗಂಟೆ ಮುಂಚೆ 400 ಮಿ.ಗ್ರಾಂ ಕೆಫೀನ್ ಕೊಟ್ಟು ನೋಡಿದ ಒಂದು ಅಧ್ಯಯನದಲ್ಲಿ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗಿತ್ತು. ನನಗೆ ನಿದ್ದೆಗೇನೂ ತೊಂದರೆ ಇಲ್ಲಪ್ಪ ಅನ್ನುವವರು ನಿದ್ದೆ ಬೇಗ ಬರುತ್ತದೆ ಅಂತ ಹೇಳುತ್ತಿರುತ್ತಾರೆ. ಬಂದ ನಿದ್ದೆ ಎಷ್ಟು ಆಳ ಅಂತ ನಿದ್ದೆಯಲ್ಲಿದ್ದವರಿಗೆ ಗೊತ್ತಾಗುವುದಿಲ್ಲ, ಅಲ್ವಾ? ಎರಡು ವಾರ ಮಧ್ಯಾಹ್ನ 12ರ ನಂತರ ನಿಲ್ಲಿಸಿ ನೋಡಿ, ಆಮೇಲೆ ಹೇಳಿ.

ಆತಂಕ, ಪ್ಯಾನಿಕ್ ಅಟ್ಯಾಕ್ ಇರುವವರಿಗೆ ಪೂರ್ತಿ ಬಿಡುವುದೂ ಒಂದು ಒಳ್ಳೆಯ ಪ್ರಯೋಗ. ಎದೆ ಢವಢವ, ಬೆವರು, ಕೈ ನಡುಕ, ಇವು ಕೆಫೀನ್ ಜಾಸ್ತಿಯಾದಾಗಲೂ ಬರುತ್ತವೆ, ಆತಂಕದಲ್ಲೂ ಬರುತ್ತವೆ. ಎರಡೂ ಸೇರಿದಾಗ ಯಾವುದು ಯಾವುದರಿಂದ ಅಂತ ಬಿಡಿಸಲು ಆಗುವುದಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿ. ಲಿಥಿಯಂ ತೆಗೆದುಕೊಳ್ಳುವವರು ಕಾಫಿಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಬಹುದು, ಅದು ಅಪಾಯ. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲೂ ಕಾಫಿಯ ಪ್ರಮಾಣ ಬದಲಾದರೆ ಔಷಧದ ಮಟ್ಟ ಬದಲಾಗುತ್ತದೆ. ಫ್ಲುವೊಕ್ಸಮಿನ್ ಅನ್ನುವ ಔಷಧ ಕೆಫೀನ್ ಹೊರಹೋಗುವುದನ್ನೇ ತುಂಬ ತಡ ಮಾಡುತ್ತದೆ. ಇಂಥ ಔಷಧಗಳಲ್ಲಿ ಇರುವವರು, ಹೃದಯದ ಬಡಿತದ ತೊಂದರೆ ಇರುವವರು, ಗರ್ಭಿಣಿಯರು ಕೆಳಗಿನ ಹಂತಕ್ಕೆ ಹೋಗುವ ಮುಂಚೆ ತಮ್ಮ ವೈದ್ಯರಿಗೆ ಒಂದು ಮಾತು ಹೇಳಿ. ಸಿಗರೇಟು ಬಿಡುತ್ತಿರುವವರಿಗೂ ಒಂದು ಮಾತಿದೆ. ಬಿಟ್ಟ ಮೇಲೆ ಕೆಫೀನ್ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ, ಅದೇ ಮೂರು ಕಪ್ ಈಗ ಆರರ ಹಾಗೆ ಬಡಿಯುತ್ತದೆ. ಆ ಚಡಪಡಿಕೆಯನ್ನು ಸಿಗರೇಟಿನ ತಹತಹ ಅಂದುಕೊಂಡು ಎಷ್ಟೋ ಜನ ಮತ್ತೆ ಸೇದುತ್ತಾರೆ. ಸಿಗರೇಟು ಬಿಡುವ ವಾರವೇ ಕಾಫಿಯನ್ನು ಅರ್ಧಕ್ಕೆ ಇಳಿಸಿ.

ಹಂತ 4: ಇಳಿಸುವ ಲೆಕ್ಕ

ಒಂದೇ ಏಟಿಗೆ ನಿಲ್ಲಿಸಿದರೆ ಏನಾಗುತ್ತದೆ? 12ರಿಂದ 24 ಗಂಟೆಯೊಳಗೆ ತೊಂದರೆ ಶುರು. ಒಂದರಿಂದ ಎರಡನೇ ದಿನ ಅದರ ತುದಿ. ಒಟ್ಟು 2ರಿಂದ 9 ದಿನ. ಗಟ್ಟಿ ಜೀವದವರು ಹಾಗೂ ಮಾಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದೆ, ಎರಡನೇ ದಿನ ಮಧ್ಯಾಹ್ನ ಮನೆಯವರ ಮೇಲೆಲ್ಲ ರೇಗಿ, ಸಂಜೆ ದೊಡ್ಡ ಲೋಟದಲ್ಲಿ ಕಾಫಿ ಹಿಡಿದು ಕೂತೆ. ನಿಧಾನ ಮಾಡಿದಾಗ ಈ ತೊಂದರೆಯಲ್ಲಿ ಬಹುಪಾಲು ಬರುವುದೇ ಇಲ್ಲ, ಅದಕ್ಕೇ ನಿಧಾನದ ಪರ ನನ್ನ ವಾದ.

ನಿಯಮ ಸುಲಭ: ಶುರುವಿನಲ್ಲಿದ್ದ ಒಟ್ಟು ಮೊತ್ತದ ಕಾಲು ಭಾಗ ಕಡಿಮೆ ಮಾಡಿ, ಅಲ್ಲೇ ಐದಾರು ದಿನ ನಿಲ್ಲಿ, ಮೈ ಒಪ್ಪಿದ ಮೇಲೆ ಮುಂದಿನದು. ದಿನಕ್ಕೆ 400 ಮಿ.ಗ್ರಾಂ ಇದ್ದವರು 300, ಆಮೇಲೆ 200, ಆಮೇಲೆ 100. ಪೂರ್ತಿ ಬಿಡುವವರು 100ರಿಂದ 50, 25, ಆಮೇಲೆ ಸೊನ್ನೆ. ಕೊನೆಯ ಈ ಪುಟ್ಟ ಮೆಟ್ಟಿಲುಗಳನ್ನು ಹಾರಬೇಡಿ. 300ರಿಂದ 200ಕ್ಕೆ ಬಂದಾಗ ಏನೂ ಅನ್ನಿಸದವರು 100ರಿಂದ ಸೊನ್ನೆಗೆ ಜಿಗಿದು ಬೀಳುತ್ತಾರೆ. ಮೆಟ್ಟಿಲಿಂದ ಮೆಟ್ಟಿಲಿಗೆ ಹೋಗುವಾಗ ತಲೆ ಭಾರವಾದರೆ ಹಿಂದೆ ಹೋಗಬೇಡಿ, ಅಲ್ಲೇ ಇನ್ನೂ ಮೂರು ದಿನ ಜಾಸ್ತಿ ನಿಲ್ಲಿ.

ಯಾವ ಕಪ್ ಮೊದಲು ತೆಗೆಯಬೇಕು? ದಿನದ ಕೊನೆಯದು. ಅದು ಹೋದರೆ ನಿದ್ದೆ ಸುಧಾರಿಸುತ್ತದೆ, ನಿದ್ದೆ ಸುಧಾರಿಸಿದರೆ ಬೆಳಗ್ಗೆ ಅಷ್ಟು ಬೇಕು ಅನ್ನಿಸುವುದಿಲ್ಲ, ಮುಂದಿನ ಮೆಟ್ಟಿಲು ತಾನೇ ಸುಲಭವಾಗುತ್ತದೆ. ಬೆಳಗಿನದನ್ನು ಕೊನೆಯ ತನಕ ಇಟ್ಟುಕೊಳ್ಳಿ.

ಕಪ್‌ಗಳ ಸಂಖ್ಯೆ ಕಡಿಮೆ ಮಾಡಲು ಮನಸ್ಸಾಗದವರಿಗೆ ಇನ್ನೊಂದು ದಾರಿ ಇದೆ, ನಾನು ಹಿಡಿದಿದ್ದೂ ಇದನ್ನೇ. ಪುಡಿಯಲ್ಲೇ ಬೆರಕೆ ಮಾಡಿ. ಮೊದಲ ವಾರ ಮೂರು ಚಮಚ ಮಾಮೂಲಿ ಪುಡಿಗೆ ಒಂದು ಚಮಚ ಡಿಕ್ಯಾಫ್. ಎರಡನೇ ವಾರ ಅರ್ಧ ಅರ್ಧ. ಮೂರನೇ ವಾರ ಒಂದಕ್ಕೆ ಮೂರು. ಲೋಟ ಅದೇ, ಹೊತ್ತು ಅದೇ, ಬಿಸಿ ಅದೇ. ನಾಲಿಗೆಗೆ ಅಷ್ಟು ವ್ಯತ್ಯಾಸ ಗೊತ್ತಾಗಲಿಲ್ಲ. ಡಿಕ್ಯಾಫ್ ಸಿಗದಿದ್ದರೆ ಡಿಕಾಕ್ಷನ್ ತೆಳುವಾಗಿಸಿ ಅಥವಾ ಸಣ್ಣ ಲೋಟ ತನ್ನಿ. ಕಾಫಿಯಿಂದ ಟೀಗೆ ಹೋಗುವುದೂ ಇಳಿಯುವುದೇ, ಆದರೆ ಎರಡು ಕಾಫಿಯ ಜಾಗದಲ್ಲಿ ಐದು ಟೀ ಕುಡಿದರೆ ಇದ್ದಲ್ಲೇ ಇರುತ್ತೀರಿ.

ಹಂತ 5: ಕಷ್ಟದ ದಿನಗಳು

ತಲೆನೋವು ಎಲ್ಲರಿಗೂ ಗೊತ್ತು. ಉಳಿದವು ಕಾಫಿಯಿಂದ ಅಂತ ಹೊಳೆಯುವುದೇ ಇಲ್ಲ. ಮೈ ಜಡ, ಹಗಲಲ್ಲೇ ತೂಕಡಿಕೆ, ಓದಿದ್ದು ತಲೆಗೆ ಹೋಗದಿರುವುದು, ಸುಮ್ಸುಮ್ನೆ ಸಿಟ್ಟು, ಮನಸ್ಸು ಮಂಕು, ವಾಕರಿಕೆ, ಜ್ವರ ಬರುವ ಮುಂಚಿನ ಹಾಗೆ ಮೈಕೈ ನೋವು. ನಾನು ಎರಡನೇ ಸಲ ಪ್ರಯತ್ನಿಸಿದಾಗ ಫ್ಲೂ ಬಂತು ಅಂತಲೇ ಹೊದ್ದು ಮಲಗಿದ್ದೆ.

ಹಾಗಾಗಿ ದಿನ ಆರಿಸಿಕೊಳ್ಳಿ. ಪರೀಕ್ಷೆಯ ವಾರ, ದೂರ ಗಾಡಿ ಓಡಿಸಬೇಕಾದ ದಿನ, ಮದುವೆ ಮನೆ ಓಡಾಟ, ಇವುಗಳಲ್ಲಿ ಹೊಸ ಮೆಟ್ಟಿಲು ಇಳಿಯಬೇಡಿ. ಮನೆಯವರಿಗೆ, ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗೆ ಮುಂಚೆಯೇ ಹೇಳಿಡಿ. ಈ ವಾರ ನಾನು ಸ್ವಲ್ಪ ಸಿಡುಕುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ. ಇಷ್ಟೇ ಮಾತು ಎಷ್ಟೋ ಜಗಳ ಉಳಿಸುತ್ತದೆ.

ತಲೆನೋವಿಗೆ ಮಾತ್ರೆ ಬೇಕೇ ಬೇಕು ಅಂದರೆ ಕೆಫೀನ್ ಇಲ್ಲದ್ದನ್ನು ನೋಡಿ ತೆಗೆದುಕೊಳ್ಳಿ, ಅದೂ ದಿನಾ ಅಲ್ಲ. ನೋವಿನ ಮಾತ್ರೆಯನ್ನು ಪದೇ ಪದೇ ನುಂಗಿದರೆ ಅದರಿಂದಲೇ ತಲೆನೋವು ಬರುವ ಸ್ಥಿತಿ ಇದೆ. ನೀರು ಕುಡಿಯಿರಿ, ಮಧ್ಯಾಹ್ನ 20 ನಿಮಿಷ ಕಣ್ಣು ಮುಚ್ಚಿ, ಹೊರಗೆ ಬೆಳಕಲ್ಲಿ ನಡೆದು ಬನ್ನಿ. ಇವು ನೋವನ್ನು ಕಿತ್ತುಹಾಕುವುದಿಲ್ಲ, ಹೊತ್ತು ಕಳೆಯಲು ಸಹಾಯ ಮಾಡುತ್ತವೆ. ತೀರಾ ತಡೆಯಲು ಆಗದಿದ್ದರೆ ಕಾಲು ಕಪ್ ಕಾಫಿ ಕುಡಿಯಿರಿ. ಸಣ್ಣ ಪ್ರಮಾಣವೇ ತಲೆನೋವು ಇಳಿಸಲು ಸಾಕಾಗುತ್ತದೆ. ಇದು ಸೋಲಲ್ಲ, ಮೆಟ್ಟಿಲು ಸ್ವಲ್ಪ ಎತ್ತರ ಆಗಿತ್ತು ಅಷ್ಟೇ. ನಾಲ್ಕು ಕಪ್ ಕುಡಿದು ಕೈಚೆಲ್ಲುವುದಕ್ಕಿಂತ ಕಾಲು ಕಪ್ ಕುಡಿದು ಮುಂದುವರಿಯಿರಿ.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ಬರುವ ತಲೆನೋವು, ಜೊತೆಗೆ ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಕುತ್ತಿಗೆ ಬಿಗಿದು ಜ್ವರ ಬರುವುದು, ಇವು ಕಾಫಿಯ ಲೆಕ್ಕಕ್ಕೆ ಸೇರಿದ್ದಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ. ಹತ್ತು ದಿನ ಕಳೆದರೂ ಹೋಗದ ತಲೆನೋವಿಗೂ, ವಾರಗಟ್ಟಲೆ ಉಳಿಯುವ ಮಂಕಿಗೂ ಬೇರೆ ಕಾರಣ ಇರಬಹುದು. ಇಷ್ಟು ದಿನ ಕಾಫಿ ಅದನ್ನು ಮುಚ್ಚಿಟ್ಟಿತ್ತು ಅಂತಲೂ ಆಗಿರಬಹುದು, ತೋರಿಸಿ.

ಹಂತ 6: ಕೈಗೆ ಏನು ಕೊಡುತ್ತೀರಿ

ಕೆಫೀನ್ ರಕ್ತದಿಂದ ಹೋದ ಮೇಲೂ ಸಂಜೆ 4 ಗಂಟೆಗೆ ಕಾಲು ತಾನೇ ಎದ್ದು ನಡೆಯುತ್ತದೆ. ಅದಕ್ಕೆ ಬೇಕಾಗಿರುವುದು ಕೆಲಸದಿಂದ ಐದು ನಿಮಿಷ, ಕೈಯಲ್ಲಿ ಬಿಸಿ, ಎದುರಿಗೆ ಒಬ್ಬ ಮನುಷ್ಯ. ಆ ಮೂರನ್ನೂ ಉಳಿಸಿಕೊಳ್ಳಿ, ಲೋಟದೊಳಗಿನದನ್ನು ಮಾತ್ರ ಬದಲಾಯಿಸಿ. ಬಿಸಿನೀರು, ಶುಂಠಿ ಹಾಕಿದ ನೀರು, ಬರೀ ಹಾಲು, ಡಿಕ್ಯಾಫ್, ಯಾವುದಾದರೂ ನಡೆಯುತ್ತದೆ. ಬನ್ನಿ ಕಾಫಿಗೆ ಅಂತ ಕರೆದವರಿಗೆ ಇಲ್ಲ, ನಾನು ಬಿಟ್ಟಿದ್ದೇನೆ ಅಂದರೆ ಅವರೂ ಕರೆಯುವುದು ಬಿಡುತ್ತಾರೆ, ಒಂದು ವಾರದಲ್ಲಿ ಒಂಟಿತನ ಕಾಡಿ ವಾಪಸ್ ಕಾಫಿಗೇ ಹೋಗುತ್ತೀರಿ. ಬರುತ್ತೇನೆ ಅನ್ನಿ. ಹೋಗಿ ಬೇರೆ ಏನಾದರೂ ಕುಡಿಯಿರಿ.

ಹಂತ 7: ಇಳಿದ ಮೇಲೆ ಅಲ್ಲೇ ಇರುವುದು

ಒಂದು ಗಟ್ಟಿ ಗಂಟೆ ಇಟ್ಟುಕೊಳ್ಳಿ, ಅದರ ನಂತರ ಕೆಫೀನ್ ಇಲ್ಲ. ನನ್ನದು ಮಧ್ಯಾಹ್ನ 12. ರಜೆಯ ದಿನವೂ ಮೊದಲ ಕಪ್ ಹೊತ್ತನ್ನು ತೀರಾ ಬದಲಾಯಿಸಬೇಡಿ. ದಿನಕ್ಕೆ ಒಂದೇ ಇದ್ದರೂ ಒಗ್ಗಿಕೊಂಡ ಮೈ ಕಾಯುತ್ತಿರುತ್ತದೆ. ಎನರ್ಜಿ ಡ್ರಿಂಕ್‌ಗಳಿಂದ ದೂರ ಇರಿ, ತಣ್ಣಗೆ ಸಿಹಿಯಾಗಿ ಇರುವುದರಿಂದ ಗಟಗಟ ಇಳಿದುಬಿಡುತ್ತದೆ. ಪುಡಿ ರೂಪದ ಶುದ್ಧ ಕೆಫೀನನ್ನು ಮನೆಗೇ ತರಬೇಡಿ. ಒಂದು ಟೀ ಚಮಚ ಅಂದರೆ ಸುಮಾರು 28 ಕಪ್ ಕಾಫಿಗೆ ಸಮ, ಅದರಿಂದ ಜೀವ ಹೋದ ಉದಾಹರಣೆಗಳಿವೆ.

ಮತ್ತೆ ಏರುವ ದಿನಗಳು ಬಂದೇ ಬರುತ್ತವೆ. ಪರೀಕ್ಷೆ, ರಾತ್ರಿ ಪಾಳಿ, ಮನೆಯಲ್ಲಿ ಹುಷಾರಿಲ್ಲದವರನ್ನು ನೋಡಿಕೊಳ್ಳುವ ವಾರ. ನನ್ನದು ಹೋದ ವರ್ಷ ಹತ್ತು ದಿನ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕಳೆಯಿತು, ದಿನಕ್ಕೆ ಐದಾರು ಕಪ್ ಆಗುತ್ತಿತ್ತು. ಸತತವಾಗಿ ಕೆಲವೇ ದಿನ ಜಾಸ್ತಿ ಕುಡಿದರೂ ಮೈ ಮತ್ತೆ ಒಗ್ಗಿಕೊಳ್ಳುತ್ತದೆ, ಮನೆಗೆ ಬಂದು ನಿಲ್ಲಿಸಿದರೆ ತಲೆನೋವು ಖಂಡಿತ. ನಾನು ಬಂದ ದಿನ ನಿಲ್ಲಿಸಲಿಲ್ಲ. ಎರಡು ದಿನ ನಾಲ್ಕು ಕಪ್, ಎರಡು ದಿನ ಮೂರು, ಎರಡು ದಿನ ಎರಡು, ಆಮೇಲೆ ಮತ್ತೆ ನನ್ನ ಬೆಳಗಿನ ಒಂದು. ಹತ್ತೇ ದಿನದ ಏರಿಕೆ ಆಗಿದ್ದರಿಂದ ಇಳಿಯಲು ಒಂದು ವಾರ ಸಾಕಾಯಿತು. ನಿಮ್ಮ ಚೀಟಿಯಲ್ಲೂ ಹೀಗೇ ಬರೆದಿಟ್ಟುಕೊಳ್ಳಿ, ಏರಿದ ದಿನಗಳ ಪಕ್ಕದಲ್ಲೇ ಇಳಿಯುವ ದಿನಗಳ ತಾರೀಕು.